‘ಚಿರಸ್ಮರಣೆ’ಯಲ್ಲಿ ಕ್ರಾಂತಿಯ ಕಾರಣವಿಚಾರ

ನಿರಂಜನರ ‘ಚಿರಸ್ಮರಣೆ’ಯು 1955ರಲ್ಲಿ ಪ್ರಕಟವಾದ ಕಾದಂಬರಿ. ಕಾಸರಗೋಡು ಸೀಮೆಯ ಕಯ್ಯೂರಿನಲ್ಲಿ 1941ರಲ್ಲಿ ನಡೆದ ರೈತರ ಹೋರಾಟವೇ ಅದರ ವಸ್ತು. ಶಾಲೆಯ ಮಾಸ್ತರರು ಅಪ್ಪು, ಚಿರುಕಂಡ ಎಂಬ ಹುಡುಗರಿಗೆ ಅಕ್ಷರದೊಡನೆ ಕಮ್ಯೂನಿಸಮನ್ನೂ ಬೋಧಿಸುವುದು ಕಥೆಯ ಬೆನ್ನೆಲುಬು. ಆದುದರಿಂದ ರಾಜಕೀಯ ಕ್ರಾಂತಿಯ ಹೇತುಗಳನ್ನು ವಿದ್ಯಾರ್ಥಿಗಳಿಗೆ ತಿಳಿಸತಕ್ಕ ಬಗೆ ಯಾವುದೆಂಬ ಪ್ರಶ್ನೆಯನ್ನು ಈ ಗ್ರಂಥವನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಯುಕ್ತವಾಗಿದೆ.

ಹಳಿಯಾಳದ ತರಗತಿಯಲ್ಲಿ ಇದನ್ನು ಪಾಠ ಹೇಳತಕ್ಕ ಉಪಾಧ್ಯಾಯನಿಗೆ ಮೊದಲೇ ಒಂದು ತೊಡಕುಂಟು. ಹಳಿಯಾಳವೂ ಕಯ್ಯೂರೂ ಹಿಂದೆ ಒಂದೇ ಕೆನರಾ ಜಿಲ್ಲೆಯ ಎರಡು ಕೊನೆಗಳಾಗಿದ್ದುವು. 1862ರಲ್ಲಿ ಉತ್ತರಭಾಗವು ಮುಂಬಯಿ ಆಧಿಪತ್ಯಕ್ಕೆ ಸೇರಿತು. ಆದರೆ 1974ರ ಭೂಸುಧಾರಣಾ ಶಾಸನದ ತರುವಾಯ ಹುಟ್ಟಿದ ಹುಡುಗನಿಗೆ ‘ಗೇಣಿ’ಯೆಂಬುದು ಅಜ್ಜನ ಬಾಯಿಂದ ಕೇಳಿದ ಮಾತು ಮಾತ್ರ. ಗೇಣಿಯನ್ನರಿಯದವನಿಗೆ ಕಯ್ಯೂರಿನ ರೋಷವು ಅಕಾರಣವಾಗಿ ತೋರುವುದು.

ಕಾರ್ಯಕ್ಕೆ ಉಪಾದಾನ, ನಿಮಿತ್ತ ಎಂದು ಎರಡು ಕಾರಣಗಳನ್ನು ಶಾಸ್ತ್ರಕಾರರು ಹೇಳುತ್ತಾರೆ. ಗಡಿಗೆಗೆ ಮಣ್ಣು ಉಪಾದಾನ, ಕುಂಬಾರನು ನಿಮಿತ್ತ. ಕ್ರಾಂತಿಯ ವಿಷಯದಲ್ಲಿ ಬೋಧಕನು ಕುಂಬಾರನೇ ಹೊರತು ಮಣ್ಣಲ್ಲ. ಉತ್ತರ ಮಲಬಾರಿನ ಒಕ್ಕಲುಗಳು ಗೇಣಿಯ ಮೇಲೆ ವಾಶಿ, ನುರಿ ಮೊದಲಾದ ಅಧಿಕ ವಸೂಲಿಗಳನ್ನೂ ತೆರುತ್ತಿದ್ದರು. ರೈತ ಸಂಘಗಳು ಎದ್ದದ್ದು ಇವುಗಳ ವಿರುದ್ಧ. ಧಣಿಯ ಕೊಳಗವೂ ಪೇಟೆಯ ಕೊಳಗವೂ ಬೇರೆಬೇರೆ ಎಂಬುದನ್ನರಿಯಲು ಒಕ್ಕಲಿಗನಿಗೆ ಯಾವ ಗ್ರಂಥವೂ ಬೇಕಿರಲಿಲ್ಲ. ಮಾಸ್ತರರನ್ನು ಸೆರೆಗೆ ತಳ್ಳಿದರೆ ಎಲ್ಲವೂ ಶಾಂತವಾದೀತೆಂದೆಣಿಸುವ ಅಧಿಕಾರಿಯೂ, ಮಾಸ್ತರರಿಂದಲೇ ಎಲ್ಲವೂ ಆಯಿತೆಂದು ಕೊಂಡಾಡುವ ಭಕ್ತನೂ ಮಾಡುವ ತಪ್ಪು ಒಂದೇ. ಸ್ವತಃ ಮಾರ್ಕ್ಸನ ಮತದಲ್ಲಿಯೂ ಕ್ರಾಂತಿಯು ಉಪದೇಶದಿಂದ ಹುಟ್ಟತಕ್ಕದ್ದಲ್ಲ. ಉತ್ಪಾದನಶಕ್ತಿಗಳಿಗೂ ಸ್ವಾಮ್ಯದ ಕ್ರಮಕ್ಕೂ ವಿರೋಧ ಬೆಳೆದಾಗ ಹುಟ್ಟತಕ್ಕದ್ದು.

ನೀಲೇಶ್ವರದಲ್ಲಿ ಓದಿ ಆ ನೆಲವನ್ನು ಬಲ್ಲ ನಿರಂಜನರು ಮಣ್ಣನ್ನು ಚೆನ್ನಾಗಿಯೇ ತೋರಿಸಿದ್ದಾರೆ. ರೈತನ ಮನೆಯ ಅಭಾವವನ್ನು ವರ್ಣಿಸುವಲ್ಲಿ ಅವರ ಲೇಖನಿಯು ಅತ್ಯುಕ್ತಿಗೆ ಹೋಗುವುದಿಲ್ಲ. ಕೊರತೆಯಿರುವುದು ಪಾಠದ ಪ್ರಸಂಗಗಳಲ್ಲಿ. ಅಲ್ಲಿ ಶಿಷ್ಯರು ಕೇಳುವುದು ಬಹುಮಟ್ಟಿಗೆ ಜಿಜ್ಞಾಸೆಯ ಪ್ರಶ್ನೆಗಳನ್ನು, ಆಕ್ಷೇಪದ ಪ್ರಶ್ನೆಗಳನ್ನಲ್ಲ. ಧಣಿಯ ಪಕ್ಷಕ್ಕೆ ದರ್ಪವುಂಟು, ವಾದವಿಲ್ಲ. ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮಂಡಿಸದೆ ಸಿದ್ಧಾಂತಕ್ಕಿಳಿಯುವವನನ್ನು ಹಳೆಯ ಪಾಠಶಾಲೆಗಳು ಪಂಡಿತನೆಂದು ಒಪ್ಪುತ್ತಿರಲಿಲ್ಲ. (ಗುರುವಾಕ್ಯಕ್ಕೆ ತಲೆದೂಗುವುದೊಂದೇ ಆ ಶಾಲೆಗಳ ಕ್ರಮವೆಂಬ ಈಗಿನ ಭಾವನೆ ನಿರಾಧಾರವಾದುದು.) ಕಾದಂಬರಿಯು ವಾದಗ್ರಂಥವಲ್ಲವೆಂದು ಸಮಾಧಾನ ಹೇಳಬಹುದು. ಆದರೆ ಬೋಧನೆಯನ್ನೇ ಕಥೆಯ ಜೀವಾಳವಾಗಿ ಮಾಡಿಕೊಂಡ ಮೇಲೆ ಈ ಸಮಾಧಾನವು ಅರ್ಧಮಾತ್ರ ಸಲ್ಲುವುದು.

ಈ ಕೊರತೆಯನ್ನು ತುಂಬಬೇಕಾದವನು ತರಗತಿಯ ಉಪಾಧ್ಯಾಯನೇ. 1941ರ ಮಾರ್ಚ್ 28ರಂದು ರೈತರ ಮೆರವಣಿಗೆಯ ಮುಂದೆ ಸಿಕ್ಕಿದ ಒಬ್ಬ ಪೋಲೀಸನು ತೇಜಸ್ವಿನೀ ನದಿಗೆ ಬಿದ್ದು ಸತ್ತನು. 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ನಾಲ್ವರಿಗೆ ಗಲ್ಲಾಯಿತು; ಐದನೆಯವನು ಅಪ್ರಾಪ್ತವಯಸ್ಕನೆಂದು ಉಳಿದನು. ಸಂಬಳಕ್ಕೆ ದುಡಿದ ಆ ಪೋಲೀಸನನ್ನು ಧಣಿಯ ಸಾಲಿನಲ್ಲಿ ನಿಲ್ಲಿಸಬೇಕೋ ಒಕ್ಕಲಿನ ಸಾಲಿನಲ್ಲೋ ಎಂದು ಹಳಿಯಾಳದ ಹುಡುಗನೊಬ್ಬನು ಎದ್ದು ಕೇಳಿದನಾದರೆ, ಅವನನ್ನು ಕೂಡಿಸದೆ ಆ ದಿನದ ಪಾಠವನ್ನು ಅಲ್ಲಿಂದಲೇ ಆರಂಭಿಸತಕ್ಕದ್ದು.