ಗಣಿತದ ಮಾಸ್ತರರಿಗೆ ಏನು ಕೊಡಬೇಕು?

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೊಟಗಿಯಲ್ಲಿ ಕ್ರಿ.ಶ. 945ರ ಒಂದು ಕಂಬಶಾಸನ ಸಿಕ್ಕಿದೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಗೆ ಏನೇನು ಬಿಟ್ಟುಕೊಟ್ಟರು ಎಂಬುದು ಅದರಲ್ಲಿ ವಿವರವಾಗಿದೆ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಉಳಿಯಲು 27 ಮನೆ, ಶಾಲೆಗೆ 500 ನಿವರ್ತನ ಭೂಮಿ, ಗುರುವಿಗೆ 50 ನಿವರ್ತನ ಮತ್ತು ಇರಲೊಂದು ಮನೆ, ದೀಪದ ಖರ್ಚಿಗೆಂದೇ ಬೇರೆ 12 ನಿವರ್ತನ. ಊರಲ್ಲಿ ಮದುವೆ, ಮುಂಜಿ, ಜವಳ ಆದಾಗ ಆ ಮನೆಯವರು ಶಾಲೆಗೆ ಇಂತಿಷ್ಟು ಕೊಡಬೇಕೆಂಬ ಕಟ್ಟಳೆಯೂ ಉಂಟು. ಅದು ಅಗ್ರಹಾರದ ಶಾಲೆ, ಎಲ್ಲರ ಮಕ್ಕಳಿಗೂ ಬಾಗಿಲು ತೆರೆದದ್ದಲ್ಲ. ಅದನ್ನು ಮರೆತು ಹೊಗಳುವುದು ತಪ್ಪು. ಆದರೆ ದತ್ತಿ ಬಿಟ್ಟವರಿಗೆ ಒಂದು ಮಾತು ಚೆನ್ನಾಗಿ ತಿಳಿದಿತ್ತು: ಗುರುವಿನ ಜೀವನ ಒಂದು ಲೆಕ್ಕ, ಪಾಠ ನಡೆಯಲು ತಗಲುವ ಖರ್ಚು ಬೇರೊಂದು ಲೆಕ್ಕ.

ಗಣಿತ, ವಿಜ್ಞಾನದ ಶಿಕ್ಷಕರಿಗೆ ಇಂದು ನಾವು ಕೊಡುತ್ತಿರುವ ಪ್ರಶಸ್ತಿ, ಅನುದಾನ, ಫೆಲೋಶಿಪ್‌ಗಳನ್ನು ಈ ಎರಡು ಲೆಕ್ಕಕ್ಕೆ ಹಚ್ಚಿ ನೋಡಬೇಕೆಂದು ನನಗೆ ಬಹಳ ದಿನದಿಂದ ಅನಿಸುತ್ತಿದೆ. ಬಬಲೇಶ್ವರ ತಾಲ್ಲೂಕಿನ ಕಾಖಂಡಕಿಯಂಥ ಊರನ್ನು ಕಣ್ಣಮುಂದೆ ಇಟ್ಟುಕೊಂಡು ನೋಡಿದರೆ ಚಿತ್ರ ಇನ್ನೂ ಸ್ಪಷ್ಟ. ಮಹಿಪತಿದಾಸರ ಊರೆಂದೂ ಕಾರಹುಣ್ಣಿಮೆಯ ಕರಿಯ ಊರೆಂದೂ ಕಾಖಂಡಕಿಯನ್ನು ಸುತ್ತಲಿನವರು ಬಲ್ಲರು. ಇಂಥ ಊರಿನಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕರಾಗಿ ಬಂದವರಿಗೆ ಸಂಬಳವಿದೆ. ಪಾಠದ ಖರ್ಚಿಗೆ ಅವರ ಕೈಗೆ ಬರುವುದು ಬಹಳ ಕಡಿಮೆ. ಇವೆರಡರ ನಡುವೆ ಮೂರನೆಯದೊಂದು ಲೆಕ್ಕ ದೊಡ್ಡದಾಗಿ ಬೆಳೆದಿದೆ, ಅದು ಸನ್ಮಾನ.

ಎಲ್ಲಕ್ಕೂ ಮೇಲಿರುವ ರಾಷ್ಟ್ರೀಯ ಶಿಕ್ಷಕರ ಪ್ರಶಸ್ತಿಯಿಂದಲೇ ಶುರು ಮಾಡೋಣ. 1958ರಲ್ಲಿ ಆರಂಭವಾದ ಇದನ್ನು ಕೇಂದ್ರ ಸರ್ಕಾರ 2018ರಲ್ಲಿ ಬುಡದಿಂದ ಬದಲಿಸಿತು. ಅದಕ್ಕೆ ಮುಂಚೆ ವರ್ಷಕ್ಕೆ 300ಕ್ಕೂ ಹೆಚ್ಚು ಮಂದಿಗೆ ಸಿಗುತ್ತಿತ್ತು; ಆ ವರ್ಷ 45 ಮಂದಿಗೆ ಇಳಿಯಿತು. ಬೆಳ್ಳಿ ಪದಕ, ಪ್ರಮಾಣಪತ್ರ, 50,000 ರೂಪಾಯಿ. ಶಿಕ್ಷಕರು ತಾವೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು ಎಂದಾಯಿತು. ಈ ಬದಲಾವಣೆ ನಿಜಕ್ಕೂ ಒಳ್ಳೆಯದು. ಯಾರೋ ಶಿಫಾರಸು ಮಾಡಲಿ ಎಂದು ಕಚೇರಿಯ ಹೊಸ್ತಿಲು ಸವೆಸುವ ದೀನಸ್ಥಿತಿ ತಪ್ಪಿತು. ಹಳ್ಳಿಯ ಪ್ರಾಥಮಿಕ ಶಾಲೆಯ ಶಿಕ್ಷಕಿಯೂ ಮೊಬೈಲಿನಲ್ಲೇ ತನ್ನ ಹೆಸರು ಕೊಡಬಹುದು. ಸಂಖ್ಯೆ ಇಳಿದದ್ದರಿಂದ ಪ್ರಶಸ್ತಿಯ ಘನತೆಯೂ ಹೆಚ್ಚಿತು.

ಆದರೆ 2018ರಲ್ಲಿ ಬಂದ ಅಂಕ ಹಾಕುವ ಪಟ್ಟಿ ನೋಡಿ. ನೂರರಲ್ಲಿ 20 ಅಂಕ ದಾಖಲೆ ತೋರಿಸಬಹುದಾದ ಸಂಗತಿಗಳಿಗೆ: ವಾರ್ಷಿಕ ಕಾರ್ಯನಿರ್ವಹಣಾ ವರದಿ, ಪ್ರಕಟವಾದ ಬರಹ, ಪಡೆದ ತರಬೇತಿ, ಡಿಜಿಟಲ್ ಪಾಠ, ಸಮುದಾಯದಿಂದ ಶಾಲೆಗೆ ತಂದ ಕೊಡುಗೆ. ಉಳಿದ 80 ಅಂಕ ಕಲಿಸುವ ಹೊಸ ವಿಧಾನ, ಪಠ್ಯೇತರ ಕೆಲಸ, ಶಾಲೆ ಕಟ್ಟಿದ ಬಗೆಗೆ. ಈ 80 ಕೂಡ ಕೊನೆಗೆ ಬಹುಮಟ್ಟಿಗೆ ಫೋಟೊ, ವಿಡಿಯೊ, ವರದಿಗಳ ಮೂಲಕವೇ ಸಮಿತಿಗೆ ತಲುಪಬೇಕು. ಪರಿಶೀಲನೆ ಎಂದರೆ ಹೇಳಿದ್ದು ಸತ್ಯವೇ ಎಂದು ತಾಳೆ ನೋಡುವುದು. ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು, ಋಣ ಸಂಖ್ಯೆಯನ್ನು ಋಣ ಸಂಖ್ಯೆಯಿಂದ ಗುಣಿಸಿದರೆ ಧನ ಯಾಕೆ ಎಂದು ಹುಡುಗಿಯೊಬ್ಬಳು ಕೇಳಿದಾಗ ಮಾಸ್ತರರು ಏನು ಮಾಡಿದರು ಎಂದು ನೋಡುವವರು ಈ ಏರ್ಪಾಡಿನಲ್ಲಿ ಯಾರೂ ಇಲ್ಲ. ಗಣಿತದ ಪಾಠದ ಜೀವ ಇರುವುದು ಅಂಥ ಎರಡು ನಿಮಿಷದಲ್ಲಿ. ಅದಕ್ಕೆ ಫೋಟೊ ಇರುವುದಿಲ್ಲ.

ಜಿಲ್ಲೆ, ತಾಲ್ಲೂಕು ಮಟ್ಟಕ್ಕೆ ಬಂದರೆ ಈ ತೊಡಕು ಇನ್ನಷ್ಟು ಗಟ್ಟಿಯಾಗುತ್ತದೆ. ಸೆಪ್ಟೆಂಬರ್ 5 ಹತ್ತಿರ ಬಂದಂತೆ ಸ್ಟಾಫ್ ರೂಮಿನಲ್ಲಿ ಕೇಳಿಬರುವ ಮಾತು, "ಈ ಸಲ ಫೈಲ್ ಹಾಕೀರೇನ್ರೀ?" ಫೈಲ್ ಎಂದರೆ ಪತ್ರಿಕಾ ತುಣುಕುಗಳ ಝೆರಾಕ್ಸ್, ಗಿಡ ನೆಟ್ಟ ಫೋಟೊ, ಎಸ್‌ಡಿಎಂಸಿ ಅಧ್ಯಕ್ಷರ ಪತ್ರ, ಶೇಕಡಾ ನೂರರ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಪಟ್ಟಿ. ಇವುಗಳಲ್ಲಿ ಸುಳ್ಳೇನೂ ಇರಬೇಕಿಲ್ಲ. ಶಾಲೆಗೆ ಕಂಪೌಂಡ್ ಕಟ್ಟಿಸಿದವರು ಗೌರವಕ್ಕೆ ಅರ್ಹರೇ. ಆದರೆ ಅದು ಗಣಿತ ಕಲಿಸಿದ್ದಕ್ಕೆ ಸಂದ ಗೌರವ ಆಗಲಾರದು. ಫಲಿತಾಂಶವನ್ನು ಅಳತೆಗೋಲು ಮಾಡಿದರೆ ಇನ್ನೊಂದು ಅನ್ಯಾಯ: ಕಬ್ಬು ಕಡಿಯಲು ಹೋದ ತಂದೆತಾಯಿಯ ಜೊತೆ ಅರ್ಧ ವರ್ಷ ಊರು ಬಿಟ್ಟ ಹುಡುಗನನ್ನು ಮರಳಿ ಕರೆತಂದು ಪಾಸಾಗುವಷ್ಟು ಅಂಕಕ್ಕೆ ಮುಟ್ಟಿಸಿದ ಶ್ರಮ ಆ ಪಟ್ಟಿಯಲ್ಲಿ ಬರೀ ಒಂದು ‘ಪಾಸ್’.

ಎಲ್ಲಕ್ಕಿಂತ ನೋಯಿಸುವ ಸಂಗತಿ ಅತಿಥಿ ಶಿಕ್ಷಕರದ್ದು. ಗಣಿತ, ವಿಜ್ಞಾನದ ಹುದ್ದೆ ಖಾಲಿ ಬಿದ್ದ ಹಳ್ಳಿಯ ಶಾಲೆಗಳು ನಡೆದಿರುವುದೇ ಅವರಿಂದ. ತಿಂಗಳಿಗೆ ಹನ್ನೆರಡು ಸಾವಿರದ ಆಸುಪಾಸು ಗೌರವಧನ, ಶೈಕ್ಷಣಿಕ ವರ್ಷ ಮುಗಿದರೆ ಮನೆಗೆ, ಮತ್ತೆ ಮುಂದಿನ ವರ್ಷ ಕರೆದರೆ ಉಂಟು. ರಾಷ್ಟ್ರೀಯ ಪ್ರಶಸ್ತಿಯ ನಿಯಮದಲ್ಲಿ ಗುತ್ತಿಗೆಯವರಿಗೆ ಅವಕಾಶವಿಲ್ಲ. ಹತ್ತನೆಯ ತರಗತಿಯ ತ್ರಿಕೋನಮಿತಿಯನ್ನು ಒಬ್ಬ ಬಿಎಸ್ಸಿ, ಬಿಎಡ್ ಮಾಡಿದ ಹೆಣ್ಣುಮಗಳು ವರ್ಷಗಟ್ಟಲೆ ಕಲಿಸುತ್ತಿದ್ದರೂ ಸರ್ಕಾರದ ದೃಷ್ಟಿಯಲ್ಲಿ ಅವಳು ಪ್ರಶಸ್ತಿಯ ಮಾತಿರಲಿ, ಅರ್ಜಿಗೂ ಅರ್ಹಳಲ್ಲ. ಉತ್ತಮ ಶಿಕ್ಷಕರನ್ನು ಹುಡುಕುತ್ತೇವೆ ಎನ್ನುವ ಯೋಜನೆ ಇಷ್ಟು ಜನರನ್ನು ಹೊರಗಿಟ್ಟು ಹುಡುಕಬಾರದು.

ಈಗ ಪಾಠದ ಖರ್ಚಿನ ಕಡೆ ಬರುತ್ತೇನೆ. ತಿಕೋಟಾ, ಬಬಲೇಶ್ವರ ಭಾಗದಲ್ಲಿ ಫೆಬ್ರುವರಿ, ಮಾರ್ಚ್ ಎಂದರೆ ದ್ರಾಕ್ಷಿಯ ಕಾಲ. ಒಣದ್ರಾಕ್ಷಿ ಮಾಡಲು ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಶೆಡ್ಡಿನಲ್ಲಿ ಹಂತಹಂತವಾಗಿ ಕಟ್ಟಿದ ಬಲೆಗಳ ಮೇಲೆ ಹರವುತ್ತಾರೆ. ಸಿಪ್ಪೆಯ ಮೇಣದ ಪದರ ಸಡಿಲವಾಗಿ ನೀರು ಬೇಗ ಹೊರಬರುತ್ತದೆ. ಸುಮ್ಮನೆ ಬಿಟ್ಟರೆ ತಿಂಗಳು ಹಿಡಿಯುವುದು ಎರಡು ವಾರದಲ್ಲಿ ಒಣಗುತ್ತದೆ. ಶಾಲೆಯ ಎಷ್ಟೋ ಮಕ್ಕಳು ಈ ಶೆಡ್ಡುಗಳಲ್ಲೇ ಬೆಳೆದವರು. ಹಣ್ಣಿನ ಸಕ್ಕರೆ ಅಂಶ ಅಳೆಯುವ, ಕೈಯಲ್ಲಿ ಹಿಡಿಯುವ ಒಂದು ಬ್ರಿಕ್ಸ್ ಮೀಟರ್ ತರಗತಿಗೆ ಬಂದರೆ ಏನಾಗುತ್ತದೆ ನೋಡಿ. ಹಣ್ಣಿನ ರಸದ ಒಂದು ಹನಿ ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದರೆ ನೀಲಿ, ಬಿಳಿಯ ನಡುವಿನ ಗೆರೆ 22ರ ಮೇಲೆ ನಿಲ್ಲುತ್ತದೆ. ಬೆಳಕು ವಕ್ರೀಭವನವಾಗುವುದು ಪುಸ್ತಕದ ಚಿತ್ರದಿಂದ ಎದ್ದು ಅಂಗೈಗೆ ಬಂದಂತಾಯಿತು. ಅಲ್ಲಿಂದ ಗಣಿತ. 22 ಬ್ರಿಕ್ಸ್ ಎಂದರೆ ನೂರು ಕೆ.ಜಿ. ಹಣ್ಣಿನಲ್ಲಿ ಒಣಗಿದರೂ ಉಳಿಯುವ ಅಂಶ ಸುಮಾರು 22 ಕೆ.ಜಿ. ಒಣದ್ರಾಕ್ಷಿಯಲ್ಲಿ ಶೇಕಡಾ 15 ತೇವ ಇರುತ್ತದೆ ಎಂದಿಟ್ಟುಕೊಂಡರೆ 22ನ್ನು 0.85ರಿಂದ ಭಾಗಿಸಬೇಕು, 26 ಕೆ.ಜಿ.ಯ ಹತ್ತಿರ ಬರುತ್ತದೆ. ನಾಲ್ಕು ಕೆ.ಜಿ.ಗೆ ಒಂದು ಕೆ.ಜಿ. ಎಂದು ಮನೆಯಲ್ಲಿ ಅಪ್ಪ ಹೇಳುವ ಬಾಯಿಲೆಕ್ಕ ಎಲ್ಲಿಂದ ಬಂತು ಎಂದು ಮಗುವಿಗೆ ಗೊತ್ತಾಗುತ್ತದೆ. ಇನ್ನಷ್ಟು ದಿನ ಕಾದು 24 ಬ್ರಿಕ್ಸ್‌ಗೆ ಕೊಯ್ದರೆ 28 ದಾಟುತ್ತದೆ. ಹಾಗಾದರೆ ಕಾಯಬೇಕೋ, ಮಳೆಗೆ ಹೆದರಿ ಕೊಯ್ಯಬೇಕೋ? ಆ ಪ್ರಶ್ನೆಯನ್ನು ಹುಡುಗರು ಮನೆಗೂ ಒಯ್ಯುತ್ತಾರೆ.

ಇದಕ್ಕೆ ಬೇಕಾದದ್ದು ಒಂದೆರಡು ಸಾವಿರ ರೂಪಾಯಿಯ ಉಪಕರಣ, ಒಂದು ತೂಕದ ಯಂತ್ರ, ಶೆಡ್ಡಿಗೆ ಹೋಗಿಬರಲು ಒಂದು ಟೆಂಪೊ ಬಾಡಿಗೆ. ಈ ಸಣ್ಣ ಮೊತ್ತವನ್ನು ಶಿಕ್ಷಕರ ಹೆಸರಿಗೆ, ಅವರ ವಿವೇಚನೆಗೆ ಬಿಟ್ಟು ಕೊಡುವ ದಾರಿ ನಮ್ಮಲ್ಲಿ ಹುಡುಕಿದರೂ ಸಿಗುವುದು ಕಷ್ಟ. ದೊಡ್ಡ ಮೊತ್ತಕ್ಕೆ ದಾರಿಯಿದೆ. ಅಟಲ್ ಟಿಂಕರಿಂಗ್ ಲ್ಯಾಬ್‌ಗೆ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿ. ಬಯಲುಸೀಮೆಯ ಶಾಲೆಯಾದರೆ 1,500 ಚದರಡಿ ಜಾಗ ತೋರಿಸಬೇಕೆಂದು ನಿಯಮ. ಕೋಣೆ ಸಾಲದೆ ಎರಡು ತರಗತಿಗಳನ್ನು ಒಂದೆಡೆ ಕೂಡಿಸುವ ಶಾಲೆ ಆ ಅರ್ಜಿಯ ಮೊದಲ ಪುಟವನ್ನೇ ದಾಟುವುದಿಲ್ಲ. ಇನ್‌ಸ್ಪೈರ್ ಅವಾರ್ಡ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ವಿದ್ಯಾರ್ಥಿಯ ಖಾತೆಗೆ 10,000 ರೂಪಾಯಿ ಬರುತ್ತದೆ. ಆ ಯೋಜನೆಯನ್ನು ನಾನು ಮೆಚ್ಚುತ್ತೇನೆ. ಹಣ ನೇರ ಮಗುವಿಗೆ, ಆಲೋಚನೆಗೆ ಬೆಲೆ, ಖರ್ಚಿಗೆ ಮೊದಲೇ ದುಡ್ಡು. ಆ ಮಗುವಿನ ಜೊತೆ ಸಂಜೆಯೆಲ್ಲ ಕೂತು ಮಾದರಿ ಮಾಡಿಸುವ ವಿಜ್ಞಾನ ಶಿಕ್ಷಕರಿಗೂ ಇಂಥದೇ ಒಂದು 10,000 ಸಿಗಬೇಕಿತ್ತು. ಸಿಗದಿರುವುದರಿಂದ ಎಷ್ಟೋ ಕಡೆ ಯೂಟ್ಯೂಬ್ ನೋಡಿ ಮಾಡಿದ ಸೆನ್ಸರ್ ಕಸದಬುಟ್ಟಿಯೇ ಪ್ರದರ್ಶನಕ್ಕೆ ಬರುತ್ತದೆ.

ನಮ್ಮ ನಾಡಿನಲ್ಲಿ ಇರುವವುಗಳ ಪೈಕಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಪ್ರಶಸ್ತಿಯೇ ಅಲ್ಲದ ಒಂದು ಏರ್ಪಾಡು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. 2011ರಿಂದ ಅಲ್ಲಿ ಹೈಸ್ಕೂಲು, ಪಿಯು ಕಾಲೇಜಿನ ಗಣಿತ, ವಿಜ್ಞಾನ ಶಿಕ್ಷಕರಿಗೆ ವಸತಿಸಹಿತ ತರಬೇತಿ ನಡೆಯುತ್ತಿದೆ. ಶಿಕ್ಷಕರು ಓಓಡಿ (ಅನ್ಯಕಾರ್ಯ ನಿಯೋಜನೆ) ಮೇಲೆ ಹೋಗಿ ಅಲ್ಲೇ ಉಳಿದು, ಪ್ರಯೋಗವನ್ನು ತಮ್ಮ ಕೈಯಾರೆ ಮಾಡುತ್ತಾರೆ. ಬಿಎಸ್ಸಿ ಮುಗಿದ ಮೇಲೆ ಬ್ಯುರೆಟ್ ಮುಟ್ಟದವರು ಮತ್ತೆ ಅದನ್ನು ಹಿಡಿಯುತ್ತಾರೆ. ಇಲ್ಲಿ ಯಾರೂ ಶಾಲು ಹೊದಿಸುವುದಿಲ್ಲ. ಶಿಕ್ಷಕರನ್ನು ವಿಷಯ ಬಲ್ಲವರೆಂದು, ಇನ್ನೂ ತಿಳಿಯುವ ಆಸೆ ಉಳ್ಳವರೆಂದು ಕಾಣುತ್ತಾರೆ. ಅದಕ್ಕಿಂತ ದೊಡ್ಡ ಮನ್ನಣೆ ಒಬ್ಬ ವಿಜ್ಞಾನ ಶಿಕ್ಷಕನಿಗೆ ಬೇರೇನಿದೆ? ಕೊರತೆ ಇರುವುದು ವಾಪಸು ಬಂದ ಮೇಲೆ. ಕಲಿತ ಪ್ರಯೋಗವನ್ನು ಊರಿನ ಶಾಲೆಯಲ್ಲಿ ಮಾಡಲು ರಾಸಾಯನಿಕ, ಗಾಜಿನ ಸಾಮಾನು ಬೇಕು. ತರಬೇತಿಯ ಜೊತೆ ಒಂದು ಪೆಟ್ಟಿಗೆ ಸಾಮಾನು, ವರ್ಷದ ಖರ್ಚಿಗೆ ಒಂದಿಷ್ಟು ಹಣ ಹೊಂದಿಸಿದ್ದರೆ ಇದು ಇನ್ನೂ ಬಲವಾಗುತ್ತಿತ್ತು.

ವಿಜ್ಞಾನಿಗಳೇ ಮುಂದೆ ಬಂದು ಶಾಲಾ ಶಿಕ್ಷಕರನ್ನು ಗೌರವಿಸಿದ ಉದಾಹರಣೆಯೂ ನಮ್ಮಲ್ಲಿದೆ. ಸಿ.ಎನ್.ಆರ್. ರಾವ್ ಅವರು 2005ರಲ್ಲಿ ತಮಗೆ ಬಂದ ಡ್ಯಾನ್ ಡೇವಿಡ್ ಪ್ರಶಸ್ತಿಯ ಹಣದಿಂದ ಶಿಕ್ಷಣ ಪ್ರತಿಷ್ಠಾನ ಕಟ್ಟಿದರು. ಅದರ ಮೂಲಕ ವಿಜ್ಞಾನ ಶಿಕ್ಷಕರಿಗೆ ಬಹುಮಾನ ಸಲ್ಲುತ್ತದೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಪತ್ರಿಕೆ ಶಿಕ್ಷಕರ ಬರಹಕ್ಕೆ ಜಾಗ ಕೊಟ್ಟದ್ದನ್ನೂ ನಾನು ಮನ್ನಣೆಯ ಲೆಕ್ಕಕ್ಕೇ ಸೇರಿಸುತ್ತೇನೆ.

ಹೊರಗಿನ ಒಂದು ಮಾದರಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗಣಿತಜ್ಞ ಜಿಮ್ ಸೈಮನ್ಸ್ 2004ರಲ್ಲಿ ನ್ಯೂಯಾರ್ಕಿನಲ್ಲಿ ‘ಮ್ಯಾಥ್ ಫಾರ್ ಅಮೆರಿಕ’ ಎಂಬ ಸಂಸ್ಥೆ ಶುರು ಮಾಡಿದರು. ಅನುಭವಿ ಗಣಿತ, ವಿಜ್ಞಾನ ಶಿಕ್ಷಕರನ್ನು ಆರಿಸಿ ನಾಲ್ಕು ವರ್ಷಗಳ ಫೆಲೋಶಿಪ್ ಕೊಡುತ್ತಾರೆ. ಸಂಬಳದ ಮೇಲೆ ವರ್ಷಕ್ಕೆ 15,000 ಡಾಲರ್. ಷರತ್ತು ಇಷ್ಟೇ: ತರಗತಿ ಬಿಡಬಾರದು, ಇತರ ಶಿಕ್ಷಕರ ಜೊತೆ ಕೂತು ಓದಬೇಕು, ಚರ್ಚಿಸಬೇಕು. ಅಷ್ಟು ದುಡ್ಡು ನಮಗೆ ಆಗದ ಮಾತು. ಅದರ ಹಿಂದಿನ ವಿಚಾರ ಮಾತ್ರ ನಮಗೆ ತುಂಬ ಬೇಕಾದದ್ದು. ನಮ್ಮಲ್ಲಿ ಚೆನ್ನಾಗಿ ಗಣಿತ ಕಲಿಸುವವರು ಹೆಸರು ಮಾಡಿದ ಕೂಡಲೇ ಸಂಪನ್ಮೂಲ ವ್ಯಕ್ತಿ, ನೋಡಲ್ ಅಧಿಕಾರಿ, ಸಿಆರ್‌ಪಿ, ಡಯಟ್‌ಗೆ ನಿಯೋಜನೆ ಎಂದು ತರಗತಿಯಿಂದ ಹೊರಗೆ ಹೋಗುತ್ತಾರೆ. ಗೌರವ ಬಂದಷ್ಟೂ ಮಕ್ಕಳಿಂದ ದೂರ. ನ್ಯೂಯಾರ್ಕಿನಲ್ಲಿ ಹಣ ಕೊಡುವುದೇ ಮಕ್ಕಳ ಹತ್ತಿರ ಉಳಿಯಲಿ ಎಂದು.

ಇದೇನೂ ಅಮೆರಿಕದಿಂದ ಕಲಿಯಬೇಕಾದ ವಿಚಾರವಲ್ಲ ಎನ್ನಲು ಇನ್ನೊಂದು ಶಾಸನ ಸಾಕ್ಷಿ. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯ ತನ್ನ ಊರೆಂದು ಹೇಳಿಕೊಂಡ ವಿಜ್ಜಡವಿಡವು ವಿಜಯಪುರವೇ ಎಂದು ವಾದಿಸುವವರಿದ್ದಾರೆ, ಒಪ್ಪದವರೂ ಇದ್ದಾರೆ. ಅವನ ಮೊಮ್ಮಗ ಚಾಂಗದೇವ ಖಾನದೇಶದ ಚಾಳಿಸಗಾಂವ್ ಬಳಿಯ ಪಾಟಣೆಯಲ್ಲಿ ಒಂದು ಮಠ ಸ್ಥಾಪಿಸಿದ. ಅಲ್ಲಿ ‘ಸಿದ್ಧಾಂತ ಶಿರೋಮಣಿ’ ಮೊದಲಾದ ಭಾಸ್ಕರನ ಗ್ರಂಥಗಳ ಪಾಠ ನಡೆಯಲೆಂದು ಯಾದವರ ಸಾಮಂತ ಸೋಯಿದೇವ 1207ರಲ್ಲಿ ದತ್ತಿ ಬಿಟ್ಟ. ಚಾಂಗದೇವನನ್ನು ಕರೆದು ಬಿರುದು ಕೊಟ್ಟು ಕಳಿಸಿದ್ದರೆ ಆ ದಾನ ಅವನೊಬ್ಬನಿಗೆ ಮುಗಿಯುತ್ತಿತ್ತು. ಸೋಯಿದೇವ ಕೊಟ್ಟದ್ದು ಮುಂದೆ ನಡೆಯಬೇಕಾದ ಪಾಠಕ್ಕೆ.

ಹಾಗಾದರೆ ಬಬಲೇಶ್ವರ, ತಿಕೋಟಾದಂಥ ತಾಲ್ಲೂಕಿನಲ್ಲಿ ಏನು ಮಾಡಬಹುದು? ನಮ್ಮ ಊರುಗಳಲ್ಲಿ ದಾನಿಗಳಿಗೆ ಬರವಿಲ್ಲ. ಫ್ಯಾನು, ಬೆಂಚು, ತಟ್ಟೆ ಲೋಟ, ಎಸ್‌ಎಸ್‌ಎಲ್‌ಸಿಯಲ್ಲಿ ಮೊದಲು ಬಂದವರಿಗೆ ನಗದು ಬಹುಮಾನ ಧಾರಾಳವಾಗಿ ಬರುತ್ತದೆ. ಅಕ್ಷರ ಫೌಂಡೇಶನ್ನಿನವರ ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗಳಿಗೂ ಊರವರೇ ಕೈ ಜೋಡಿಸುತ್ತಾರೆ. ಅದೇ ದಾನದ ಒಂದು ಪಾಲು, ಶಾಲೆಗೆ ಹತ್ತು ಸಾವಿರದಂತೆ, ಜೂನ್ ತಿಂಗಳಲ್ಲೇ ಗಣಿತ, ವಿಜ್ಞಾನ ಶಿಕ್ಷಕರ ಕೈಗೆ ಬರಬೇಕು. ಕಾಯಂ ಆಗಿರಲಿ, ಅತಿಥಿಯಾಗಿರಲಿ, ಭೇದ ಬೇಡ. ಏನು ಮಾಡುತ್ತೀರಿ ಎಂದು ಒಂದು ಪುಟ ಬರೆದುಕೊಡಲಿ. ವರ್ಷದ ಕೊನೆಗೆ ಪಕ್ಕದ ಊರಿನ ಇಬ್ಬರು ಗಣಿತ ಶಿಕ್ಷಕರು ಬಂದು ಎರಡು ಪೀರಿಯಡ್ ಕೂತು ಪಾಠ ನೋಡಲಿ, ಅವರು ಬರೆದದ್ದನ್ನು ಎಸ್‌ಡಿಎಂಸಿ ಸಭೆಯಲ್ಲಿ ಓದಲಿ. ಜಿಲ್ಲಾ ಮಟ್ಟದ ಪ್ರಶಸ್ತಿಯ ಆಯ್ಕೆಗೂ ಈ ಎರಡು ಪೀರಿಯಡ್ ಕಡ್ಡಾಯವಾಗಬೇಕು. ಅದಕ್ಕೆ ಬಿಇಒ ಕಚೇರಿಯಿಂದ ಒಂದು ಸುತ್ತೋಲೆ, ನೋಡಲು ಹೋಗುವ ಶಿಕ್ಷಕರಿಗೆ ಒಂದು ದಿನದ ಓಓಡಿ ಮತ್ತು ಬಸ್ ಚಾರ್ಜು ಸಾಕು.