ನಾಚಿಕೆ ಇದ್ದದ್ದು ದನಿಗೆ

ಪಿ.ಬಿ. ಶ್ರೀನಿವಾಸ್ ಬಗ್ಗೆ ಬರೆಯೋರು ಎರಡು ಕಥೆ ಹೇಳದೆ ಮುಂದಕ್ಕೆ ಹೋಗೋದೇ ಇಲ್ಲ. ಒಂದು ಜಾತಕದ ಕಥೆ. ಸರ್ಕಾರಿ ನೌಕರಿಯಲ್ಲಿದ್ದ ಅಪ್ಪನಿಗೆ ಮಗನೂ ಓದಿ ಒಂದು ಕೆಲಸ ಹಿಡಿಯಲಿ ಅಂತ ಆಸೆ. ಜ್ಯೋತಿಷಿ ಜಾತಕ ನೋಡಿ, ಈ ಹುಡುಗನಿಗೆ ಸಂಗೀತದ ಯೋಗ ಇಲ್ಲ ಅಂದನಂತೆ. ಹುಡುಗ ಕೇಳಲಿಲ್ಲ. ಇನ್ನೊಂದು 1974ರ ಕಥೆ. ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜ್‌ಕುಮಾರ್ ಎಮ್ಮೆ ಮೇಲೆ ಕೂತು ತಾವೇ ಹಾಡಿಬಿಟ್ಟರು, ಅಲ್ಲಿಗೆ ಪಿಬಿಎಸ್ ಕಾಲ ಮುಗೀತು, ಪಾಪ, ಸಂಕೋಚದ ಮನುಷ್ಯ, ತುಟಿ ಬಿಚ್ಚಲಿಲ್ಲ.

ಮೊದಲನೆಯ ಕಥೆಗೆ ಒಳ್ಳೆಯ ಬಾಲವೂ ಇದೆ. ಪಿಬಿಎಸ್ ಹಾಡಿದ ಮೊದಲ ಕನ್ನಡ ಚಿತ್ರದ ಹೆಸರೇ ‘ಜಾತಕ ಫಲ’, 1953. ಇಂಥದ್ದನ್ನ ನಾವು ಕಟ್ಟಿ ಹೇಳಿದ್ರೆ ಯಾರೂ ನಂಬೋದಿಲ್ಲ. ನನ್ನ ತಕರಾರು ಎರಡನೆಯ ಕಥೆಯ ಮೇಲೆ, ಅದರಲ್ಲೂ ಆ ‘ಪಾಪ’ ಅನ್ನೋ ಪದದ ಮೇಲೆ.

ಹಾಡುಗಾರ ನಾಚಿಕೆಯವನು ಅಂತ ಒಮ್ಮೆ ತೀರ್ಮಾನ ಆದರೆ ಸಾಕು, ನಾವು ಅವನ ಬಾಲ್ಯ ಕೆದಕೋಕೆ ಕೂರ್ತೀವಿ. ಮೈಕಲ್ ಜಾಕ್ಸನ್ ವಿಷಯದಲ್ಲಿ ಇಡೀ ಜಗತ್ತೇ ಹಾಗೆ ಮಾಡಿತು. 1993ರಲ್ಲಿ ಓಪ್ರಾ ವಿನ್‌ಫ್ರೀ ಮುಂದೆ ಕೂತು ಆತ ತನ್ನ ಒಂಟಿ ಬಾಲ್ಯದ ಬಗ್ಗೆ ಹೇಳಿಕೊಂಡ ಮೇಲೆ, ಅವನ ಪ್ರತಿ ಹಾಡಿಗೂ ಆ ಬಾಲ್ಯವೇ ಬೀಗದ ಕೈ ಆಗಿಹೋಯ್ತು. ಪಿಬಿಎಸ್ ಬಾಲ್ಯದಲ್ಲಿ ಅಂಥ ಬೀಗದ ಕೈ ಯಾವುದೂ ಸಿಗೋದಿಲ್ಲ. 1930ರಲ್ಲಿ ಕಾಕಿನಾಡದಲ್ಲಿ ಹುಟ್ಟಿದ್ದು, ಮನೇಲಿ ಅಮ್ಮ ಹಾಡ್ತಿದ್ರು, ಅಪ್ಪನಿಗೆ ನಾಟಕದ ಹುಚ್ಚು, ಹನ್ನೆರಡನೇ ವಯಸ್ಸಿಗೆ ಸೋದರ ಸಂಬಂಧದ ಹಿರಿಯರೊಬ್ಬರ ನಾಟಕದಲ್ಲಿ ಹಾಡೋ ಅವಕಾಶ. ಮೊಹಮ್ಮದ್ ರಫಿ ಅಂದ್ರೆ ಪ್ರಾಣ. ಬಿ.ಕಾಂ. ಮುಗಿಸಿದರು, ಹಿಂದಿ ವಿಶಾರದ ಪಾಸಾದರು. ಮದ್ರಾಸಿನ ಜೆಮಿನಿ ಸ್ಟುಡಿಯೋದಲ್ಲಿ ವೀಣೆಯ ಈಮನಿ ಶಂಕರಶಾಸ್ತ್ರಿಗಳ ಕಡೆಯಿಂದ ಬಾಗಿಲು ತೆರೀತು, 1952ರ ‘ಮಿಸ್ಟರ್ ಸಂಪತ್’ನಲ್ಲಿ ದನಿ ಬಂತು. ಮಧ್ಯಮ ವರ್ಗದ ನೆಟ್ಟಗಿನ ದಾರಿ, ಅಷ್ಟೇ. ಬಾಲ್ಯದಲ್ಲಿ ಗಾಯ ಸಿಗಲಿಲ್ಲ ಅಂತ ನಾವು 1974ರಲ್ಲಿ ಒಂದು ಗಾಯ ಮಾಡಿಕೊಟ್ಟೆವು ಅಂತ ನನಗೆ ಅನುಮಾನ.

ಅವರೇನು ಬಾಯಿ ಬಿಡದ ಮನುಷ್ಯರೂ ಅಲ್ಲ. ಮದ್ರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ, ತಲೆಗೆ ಟೋಪಿ, ಜೇಬು ತುಂಬ ಬಣ್ಣಬಣ್ಣದ ಪೆನ್ನು ಸಿಕ್ಕಿಸಿಕೊಂಡು, ಟೇಬಲ್ ತುಂಬ ಹಾಳೆ ಹರಡಿಕೊಂಡು ಬರೀತಾ ಕೂರ್ತಿದ್ದರು ಅಂತ ನೋಡಿದವರೆಲ್ಲ ಹೇಳ್ತಾರೆ. ಎಂಟು ಭಾಷೆಯಲ್ಲಿ ಪದ್ಯ ಕಟ್ಟೋರು. 1969ರಲ್ಲಿ ಅಪೋಲೋ 11 ಚಂದ್ರನ ಮೇಲೆ ಇಳಿದಾಗ ಈ ‘ಸಂಕೋಚದ ಮನುಷ್ಯ’ ಏನು ಮಾಡಿದರು ಗೊತ್ತೆ? ಇಂಗ್ಲಿಷಿನಲ್ಲಿ ತಾವೇ ‘ಮ್ಯಾನ್ ಟು ಮೂನ್’ ಅಂತ ಹಾಡು ಬರೆದು, ಎಂ.ಎಸ್. ಶ್ರೀರಾಮ್ ಸಂಗೀತದಲ್ಲಿ ಎಸ್. ಜಾನಕಿ ಜೊತೆ ಹಾಡಿ, ರೆಕಾರ್ಡು ಮಾಡಿಸಿ, ಒಂದೊಂದು ಪ್ರತಿಯನ್ನ ನೀಲ್ ಆರ್ಮ್‌ಸ್ಟ್ರಾಂಗಿಗೂ ಅಮೆರಿಕದ ಅಧ್ಯಕ್ಷ ನಿಕ್ಸನ್ನಿಗೂ ಕಳಿಸಿದರು. ನಾನು ನನ್ನ ಮ್ಯಾನೇಜರಿಗೆ ಒಂದು ಮೇಲ್ ಕಳಿಸೋಕೆ ಅರ್ಧ ಗಂಟೆ ಒದ್ದಾಡ್ತೀನಿ. ನಾಚಿಕೆ ಅಂದ್ರೆ ಅದು. ನಿಕ್ಸನ್ನಿಗೆ ಪಾರ್ಸೆಲ್ ಕಟ್ಟೋರನ್ನ ನಾಚಿಕೆಯವರು ಅಂತ ನಾನಂತೂ ಒಪ್ಪೋದಿಲ್ಲ.

ಹಾಗಾದ್ರೆ ಆ ಸಂಕೋಚ ನಮಗೆ ಎಲ್ಲಿ ಕೇಳಿಸ್ತು? ದನಿಯಲ್ಲಿ. ಮನುಷ್ಯನ ಸ್ವಭಾವ ಅಂದುಕೊಂಡದ್ದು ಒಂದು ಹಾಡುಗಾರಿಕೆಯ ರೀತಿ.

ಇದನ್ನ ನಮ್ಮ ಕಡೆಯಿಂದಲೇ ಹೇಳಬೇಕು. ನನ್ನದು ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿ. ತೆಂಗು ಬಿಟ್ರೆ ರಾಗಿ, ರಾಗಿ ಬಿಟ್ರೆ ತೆಂಗು. ಪಕ್ಕದ ತಾಲ್ಲೂಕು ಗುಬ್ಬಿ, ಗುಬ್ಬಿ ವೀರಣ್ಣನವರ ಊರು. ಕಂಪನಿ ನಾಟಕದ ಹಾಡುಗಾರಿಕೆ ಅಂದ್ರೆ ಮೈಕಿಲ್ಲದೆ ಕೊನೇ ಸಾಲಿನ ನೆಲದ ಗಿರಾಕಿಗೂ ಕೇಳಬೇಕು. ಎದೆ ತುಂಬ ಉಸಿರು, ತೆರೆದ ಗಂಟಲು, ಮೇಲಿನ ಷಡ್ಜದ ಹತ್ತಿರ ಹೋಗಿ ನಿಲ್ಲೋದು. ಹಾಸ್ಯ ಚಕ್ರವರ್ತಿ ನರಸಿಂಹರಾಜು ತಿಪಟೂರಿನವರು, ಕಂಪನಿಗಳಲ್ಲೇ ಬೆಳೆದವರು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಅವರೂ ರಾಜ್‌ಕುಮಾರರೂ ಜೊತೆಗೇ ಬೆಳಕಿಗೆ ಬಂದರು. ರಾಜ್ ಅಪ್ಪ ಪುಟ್ಟಸ್ವಾಮಯ್ಯನವರೂ ಗುಬ್ಬಿ ಕಂಪನಿಯ ನಟರು. ಅಂದ್ರೆ ನಮ್ಮ ದೊಡ್ಡ ನಾಯಕನ ಮೈ, ಮಾತು, ಕೈ ಎತ್ತೋ ರೀತಿ ಎಲ್ಲ ರಂಗದ್ದು.

ಆ ಮೈಗೆ ಕೂರಿಸಿದ ದನಿ ಮಾತ್ರ ರಂಗದ್ದಲ್ಲ, ಮೈಕಿನದು. 1960ರ ‘ಭಕ್ತ ಕನಕದಾಸ’ದಿಂದ ಮುಂದೆ ಅದು ಗಟ್ಟಿಯಾಯ್ತು. ಮೈಕು ಬಂದಮೇಲೆ ಹಾಡುಗಾರ ಕೂಗಬೇಕಾಗಿಲ್ಲ. ಅಮೆರಿಕದಲ್ಲಿ ಬಿಂಗ್ ಕ್ರಾಸ್ಬಿಯಂಥವರು ಇದನ್ನ ಮೊದಲೇ ಕಂಡುಕೊಂಡಿದ್ದರು, ಹಿಂದಿಯಲ್ಲಿ ತಲತ್ ಮಹಮೂದ್. ಬಾಯಿ ಹತ್ತಿರ ಹೋದಷ್ಟೂ ಕೆಲವು ಬಗೆಯ ಮೈಕುಗಳಲ್ಲಿ ಕೆಳಗಿನ ಸ್ವರ ದಪ್ಪಗಾಗಿ ಕೇಳುತ್ತೆ, ಉಸಿರೂ ಕೇಳುತ್ತೆ. ಹಾಡೋನು ನಿಮ್ಮ ಕಿವಿ ಹತ್ತಿರ ಬಗ್ಗಿ ಒಂದು ಗುಟ್ಟು ಹೇಳ್ತಿದ್ದಾನೆ ಅನ್ನಿಸುತ್ತೆ. ಪಿಬಿಎಸ್ ಕೆಳಗಿನ ಸ್ವರಗಳಲ್ಲಿ ಆರಾಮಾಗಿ ಕೂತುಬಿಡ್ತಾರೆ. ಸಾಲಿನ ಕೊನೆಯ ಅಕ್ಷರವನ್ನ ಜಗ್ಗೋದಿಲ್ಲ, ಮೆಲ್ಲಗೆ ಕೆಳಗೆ ಇಡ್ತಾರೆ.

ಇದಕ್ಕೆ ಒಂದು ತೊಂದರೆಯೂ ಇತ್ತು. ನಮ್ಮ ಮನೇಲಿ ಕೊಬ್ಬರಿ ಕೆಲಸದ ದಿನ ಅಟ್ಟದಿಂದ ಕಾಯಿ ಇಳಿಸಿ, ಸುಲಿದು, ಚಿಪ್ಪು ಒಡೆಯೋ ಸದ್ದು ಬೆಳಗಿಂದ ಸಂಜೆವರೆಗೂ. ರೇಡಿಯೋದಲ್ಲಿ ಘಂಟಸಾಲ ಬಂದ್ರೆ ಅದನ್ನೂ ಮೀರಿ ಕೇಳೋದು. ಪಿಬಿಎಸ್ ಬಂದ್ರೆ, “ಏನ್ಲಾ ಇದು, ಒಳೊಳಗೇ ಹಾಡ್ಕತಾ ಅವ್ನೆ, ಸೌಂಡ್ ಏರ್ಸ್ಲಾ” ಅನ್ನೋರು. ರಾತ್ರಿ ಊಟ ಆದಮೇಲೆ ಅದೇ ಹಾಡು ಬಂದ್ರೆ ಯಾರೂ ಮಾತೇ ಆಡ್ತಿರಲಿಲ್ಲ. ಇವತ್ತು ಹೆಡ್‌ಫೋನ್ ಹಾಕಿಕೊಂಡು ತಿಪಟೂರಿನ ರೈಲಿನಲ್ಲಿ ಕೂತು ಕೇಳಿದ್ರೆ ಆ ದನಿ ಇನ್ನೂ ಹತ್ತಿರ.

ಈಗ ವಿಚಿತ್ರ ನೋಡಿ. ತಮಿಳಿನಲ್ಲೂ ಪಿಬಿಎಸ್ ದೊಡ್ಡ ಹೆಸರೇ. ಆದರೆ ಅಲ್ಲಿ ಶಿವಾಜಿ ಗಣೇಶನ್‌ಗೂ ಎಂಜಿಆರ್‌ಗೂ ಟಿ.ಎಂ. ಸೌಂದರರಾಜನ್ ಅವರ ತುಂಬು ಗಂಟಲು. ಪಿಬಿಎಸ್ ದನಿ ಹೋಗಿದ್ದು ಜೆಮಿನಿ ಗಣೇಶನ್‌ಗೆ, ಅಂದ್ರೆ ಮೆತ್ತನೆಯ ನಾಯಕನಿಗೆ. 1962ರ ‘ಸುಮೈದಾಂಗಿ’ ನೋಡಿ. ಅಲ್ಲಿ ಮೃದು ದನಿಗೆ ಒಂದು ಮೂಲೆ ಕೊಟ್ಟಿದ್ದರು. ಕನ್ನಡದಲ್ಲಿ ಅತಿ ದೊಡ್ಡ ನಾಯಕನಿಗೇ ಅತಿ ಮೆತ್ತನೆಯ ದನಿ ಕೊಟ್ಟರು. ಜನ ಒಪ್ಪಿದರು, ಒಂದು ದಶಕಕ್ಕೂ ಹೆಚ್ಚು ಕಾಲ. ರಾಜ್ ಶರೀರ, ಪಿಬಿಎಸ್ ಶಾರೀರ ಅನ್ನೋ ಮಾತು ನಮ್ಮಲ್ಲಿ ಗಾದೆಯಂತೆ ಓಡಾಡುತ್ತೆ. ಅದನ್ನ ಹೊಗಳಿಕೆ ಅಂತ ದಾಟಿಸಿಬಿಡ್ತೀವಿ. ನನಗದು ಆ ಕಾಲದ ಸಿನಿಮಾ ಹೇಗೆ ಕೆಲಸ ಮಾಡ್ತು ಅನ್ನೋದರ ವಿವರಣೆ ಥರ ಕಾಣುತ್ತೆ. ಶರೀರ ಒಂದು ಕಡೆ, ಶಾರೀರ ಇನ್ನೊಂದು ಕಡೆ ಇದ್ದದ್ದರಿಂದಲೇ ಅಲ್ಲೊಂದು ಸಣ್ಣ ಸಂದು ಉಳಿದಿತ್ತು. ಜೋರಾಗಿ ಮಾತಾಡೋ ನಾಯಕ ಹಾಡೋಕೆ ಶುರು ಮಾಡಿದ ತಕ್ಷಣ ತಗ್ಗುತ್ತಿದ್ದ. ಮಾತಿನಲ್ಲಿ ಹೇಳೋಕೆ ಆಗದ್ದನ್ನ ಹಾಡಿನಲ್ಲಿ ಮಾತ್ರ, ಅದೂ ತಲೆ ತಗ್ಗಿಸಿ ಹೇಳ್ತಿದ್ದ ಹಾಗೆ.

‘ಬಂಗಾರದ ಮನುಷ್ಯ’ (1972) ತಗೊಳ್ಳಿ. ನಿರ್ದೇಶಕ ಸಿದ್ದಲಿಂಗಯ್ಯ ನಮ್ಮ ತುಮಕೂರು ಜಿಲ್ಲೆಯವರೇ, ಶಿರಾ ಕಡೆಯವರು. ರಾಜೀವ ಕಲ್ಲು ಬಂಡೆಯ ನೆಲದಲ್ಲಿ ಬೆವರು ಸುರಿಸೋವಾಗ ಬರೋ ಹಾಡನ್ನ ಬೇರೆ ಯಾರಾದ್ರೂ ಸಂಗೀತ ನಿರ್ದೇಶಕ ಒಂದು ಗುಡುಗೋ ಗಂಟಲಿಗೆ ಕೊಡ್ತಿದ್ದ. ಜಿ.ಕೆ. ವೆಂಕಟೇಶ್ ಪಿಬಿಎಸ್‌ಗೆ ಕೊಟ್ಟರು. ಅದರಲ್ಲಿ ಸವಾಲು ಹಾಕೋ ಪೊಗರು ಇಲ್ಲ. ಒಬ್ಬ ಮನುಷ್ಯ ತನಗೆ ತಾನೇ ಸಮಾಧಾನ ಹೇಳಿಕೊಂಡು ಗುದ್ದಲಿ ಎತ್ತೋ ದನಿ. ಬೋರ್‌ವೆಲ್ ಮೂರು ಸಲ ಫೇಲಾದ ಮೇಲೆ ನಾಲ್ಕನೇದಕ್ಕೆ ದುಡ್ಡು ಹೊಂದಿಸೋ ರೈತನನ್ನ ನೋಡಿದವರಿಗೆ ಆ ದನಿ ಯಾಕೆ ಸರಿ ಅಂತ ಗೊತ್ತಾಗುತ್ತೆ. ಅಂಥ ಹೊತ್ತಲ್ಲಿ ನಮ್ಮ ಕಡೆ ಯಾರೂ ಎದೆ ತಟ್ಟಿಕೊಳ್ಳೋದಿಲ್ಲ. ಕೊನೆಗೆ ರಾಜೀವ ಊರು ಬಿಟ್ಟು ಹೋಗೋದೂ ಹಾಗೇ, ಜಗಳ ಇಲ್ಲ, ಭಾಷಣ ಇಲ್ಲ. ಚಿತ್ರದ ಉದ್ದಕ್ಕೂ ಆ ದನಿ ಕೇಳಿದವರಿಗೆ ಆ ಕೊನೆ ಅಸಹಜ ಅನ್ನಿಸೋದಿಲ್ಲ. ‘ಕಸ್ತೂರಿ ನಿವಾಸ’ದಲ್ಲೂ (1971) ಅದೇ. ಎಲ್ಲ ಕಳಕೊಂಡ ಮೇಲೂ ಕೊಡೋದನ್ನ ಬಿಡದ ಆ ಮನುಷ್ಯನನ್ನ ಗಟ್ಟಿ ಗಂಟಲಿನಲ್ಲಿ ಹಾಡಿಸಿದ್ರೆ ಅವನ ದಾನವೇ ಜಂಬವಾಗಿ ಕೇಳ್ತಿತ್ತು.

ಹಾಗಂತ ಎಲ್ಲಕ್ಕೂ ಪಿಬಿಎಸ್ ಸರಿ ಅಂತ ಅಲ್ಲ. ಖಡ್ಗ ಹಿಡಿದ ಪಾತ್ರಗಳಿಗೆ ಆ ದನಿ ಸಾಲದು. 1963ರ ‘ವೀರಕೇಸರಿ’ಯಲ್ಲಿ ಘಂಟಸಾಲ ಹಾಡಿದ್ದು ಕೇಳಿ, ಪ್ರೇಮದ ಹಾಡಿನಲ್ಲೂ ಎಂಥ ಠೀವಿ ಇದೆ. ಕುಣಿತದ ಹಾಡುಗಳಲ್ಲಿ ಪಿಬಿಎಸ್ ಮದುವೆ ಮನೆಗೆ ಬಂದ ಮೇಷ್ಟ್ರ ಥರ, ಚಪ್ಪಾಳೆ ತಟ್ತಾರೆ, ಕುಣಿಯೋದಿಲ್ಲ. ಎಷ್ಟೋ ಯುಗಳ ಗೀತೆಗಳಲ್ಲಿ ತುಂಟತನದ ಭಾರವನ್ನೆಲ್ಲ ಜಾನಕಿ ಒಬ್ಬರೇ ಹೊರ್ತಾರೆ. ದುಃಖದ ಹಾಡುಗಳಲ್ಲೂ ಕೆಲವು ಸಲ ಸಿಹಿ ಒಂದು ಚಮಚ ಜಾಸ್ತಿ.

1974ಕ್ಕೆ ಬರೋಣ. ಜಿ.ಕೆ. ವೆಂಕಟೇಶ್ ರಾಜ್ ಕೈಲಿ ಯಾಕೆ ಹಾಡಿಸಿದರು ಅನ್ನೋದಕ್ಕೆ ಹತ್ತು ಜನ ಹತ್ತು ಕಾರಣ ಹೇಳ್ತಾರೆ, ಬಿಡಿ. ಅದೇ ಚಿತ್ರದಲ್ಲಿ ಪಿಬಿಎಸ್ ಹಾಡೂ ಇದೆ ಅನ್ನೋದನ್ನ ಮಾತ್ರ ಯಾರೂ ಹೇಳೋದಿಲ್ಲ. ಮತ್ತೆ ರಾಜ್ ಹಾಡಿದ್ದು ಅದೇ ಮೊದಲಲ್ಲ, ಐವತ್ತರ ದಶಕದಲ್ಲೇ ‘ಓಹಿಲೇಶ್ವರ’, ‘ಮಹಿಷಾಸುರ ಮರ್ದಿನಿ’ಗಳಲ್ಲಿ ಹಾಡಿದ್ದರು. 74ರಲ್ಲಿ ಆಗಿದ್ದು ಅಂದ್ರೆ ಕಂಪನಿ ನಾಟಕದ ಗಂಟಲು ತನ್ನ ಮೈಗೆ ವಾಪಸ್ ಬಂದದ್ದು. ಅದರಿಂದ ನಮಗೆ ಸಿಕ್ಕಿದ್ದು ಕಡಿಮೆಯೇನಲ್ಲ, ‘ಜೀವನ ಚೈತ್ರ’ದ ಹಾಡಿಗೆ ರಾಜ್ ಅವರಿಗೆ ರಾಷ್ಟ್ರಪ್ರಶಸ್ತಿಯೇ ಬಂತು. ಆದರೆ ಆ ಸಂದು ಮುಚ್ಚಿಹೋಯ್ತು. ಮಾತಾಡೋನೂ ಹಾಡೋನೂ ಒಬ್ಬನೇ ಆದಮೇಲೆ ನಾಯಕನಿಗೆ ತನ್ನ ಬಗ್ಗೆ ಅನುಮಾನ ಕಡಿಮೆಯಾಯ್ತು. ಹಾಡಿನಲ್ಲೂ ಅವನು ಗೆದ್ದವನೇ. ಅಪವಾದಗಳಿವೆ, ನೀವು ಪಟ್ಟಿ ಕೊಡ್ತೀರಿ, ನನಗೂ ಗೊತ್ತು. ಒಟ್ಟು ನಡಿಗೆ ಮಾತ್ರ ಹಾಗೆ.

ಇದೆಲ್ಲ ನನಗೆ ಯಾಕೆ ಮುಖ್ಯ ಅಂದ್ರೆ, ನಾನು ಕೆಲಸ ಮಾಡಿದ ಒಂದು ಕಂಪನಿಯಲ್ಲಿ ವರ್ಷಾವರ್ಷ ನನ್ನ ಅಪ್ರೈಸಲ್‌ನಲ್ಲಿ ಒಂದೇ ಷರಾ ಬರೀತಿದ್ದರು: ಕೋಡ್ ಚೆನ್ನಾಗಿದೆ, ಮೀಟಿಂಗಲ್ಲಿ ದನಿ ಕೇಳಿಸೋದಿಲ್ಲ. ಮೆಲ್ಲಗೆ ಮಾತಾಡೋನು ಅಂದ್ರೆ ಸೋತವನು, ಇಲ್ಲಾ ಪಾಪದವನು, ಇವೆರಡರ ಮಧ್ಯೆ ಇನ್ನೊಂದು ಜಾಗ ಇಲ್ಲ ಅಂತ ಅವರ ಲೆಕ್ಕ. ಪಿಬಿಎಸ್ ಬಗ್ಗೆ ನಾವು ಬರೆಯೋದೂ ಅದೇ ಲೆಕ್ಕದಲ್ಲಿ. ‘ಪಾಪ’ ಅಂದ ತಕ್ಷಣ ಅವರ ದನಿ ಒಂದು ಆಯ್ಕೆ ಆಗಿತ್ತು, ದುಡಿದು ಸಾಧಿಸಿದ ಒಂದು ಕಸುಬಾಗಿತ್ತು ಅನ್ನೋದು ಅಳಿಸಿಹೋಗುತ್ತೆ. 2013ರ ಏಪ್ರಿಲ್ 14ರಂದು ಅವರು ಹೋದಾಗ ಬಂದ ಲೇಖನಗಳಲ್ಲಿ ವಿನಯದ ಬಗ್ಗೆ ನಾನು ಓದಿದ್ದು ಒಂದು ರಾಶಿ, ಮಂದ್ರದಲ್ಲಿ ಅವರು ಹೇಗೆ ನಿಲ್ತಿದ್ದರು ಅನ್ನೋದರ ಬಗ್ಗೆ ಒಂದು ಸಾಲೂ ಇಲ್ಲ.

ನವೆಂಬರ್ ಬಂದ್ರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಲ್ಲ ಕಡೆ ಆಟೋ ಸ್ಟ್ಯಾಂಡಿನಲ್ಲಿ ಬಾವುಟ ಏರುತ್ತೆ, ಆಳೆತ್ತರದ ಸ್ಪೀಕರ್ ಇಡ್ತಾರೆ, ‘ಗಂಧದ ಗುಡಿ’ (1973) ಚಿತ್ರದ ಆ ನಾಡಿನ ಹಾಡು ಹಾಕ್ತಾರೆ. ಹಾಡಿದ್ದು ಕಾಕಿನಾಡದ ಪಿಬಿಎಸ್. ಹೆಮ್ಮೆಯ ಹಾಡೇ, ಆದರೆ ಕೇಳಿಸಿಕೊಳ್ಳಿ, ಅದರಲ್ಲಿ ಯಾರ ಮೇಲೂ ಏರಿ ಹೋಗೋ ದನಿ ಇಲ್ಲ. ತನ್ನ ತೋಟ ತೋರಿಸ್ತಾ ಮುಂದೆ ಮುಂದೆ ನಡೆಯೋನ ದನಿ ಅದು. ಹುಡುಗರು ಬೇಸ್ ಪೂರ್ತಿ ಏರಿಸಿ, ಮುಂದಿನ ಹಾಡಿಗೆ ಕುಣಿಯೋಕೆ ಕಾಯ್ತಾ ನಿಂತಿರ್ತಾರೆ. ಈ ಹಾಡು ಮುಗಿಯೋವರೆಗೂ ಮಾತ್ರ ಯಾರೂ ಕುಣಿಯೋದಿಲ್ಲ.