ಕಡಲತೀರದ ರಜೆ, ಫ್ರೆಂಚ್ ನಗೆ

1936ರಲ್ಲಿ ಫ್ರಾನ್ಸಿನ ಪಾಪ್ಯುಲರ್ ಫ್ರಂಟ್ ಸರ್ಕಾರ ದುಡಿಯುವವರಿಗೆಲ್ಲ ವರ್ಷಕ್ಕೆ ಎರಡು ವಾರಗಳ ಸಂಬಳಸಹಿತ ರಜೆಯನ್ನು ಕಾನೂನು ಮಾಡಿತು. 1956ರಲ್ಲಿ ಅದು ಮೂರು ವಾರವಾಯಿತು, 1982ರಲ್ಲಿ ಐದಾಯಿತು. ಉಳ್ಳವರು ವಿಹರಿಸುತ್ತಿದ್ದ ಕಡಲತೀರಗಳಿಗೆ ಗುಮಾಸ್ತರೂ ಕಾರ್ಮಿಕರೂ ಬಂದರು, ಅವರ ಬೆನ್ನಿಗೇ ಸಿನಿಮಾ ಕ್ಯಾಮೆರಾ ಬಂತು. ಬೇಸಿಗೆ ರಜೆಯ ಫ್ರೆಂಚ್ ಹಾಸ್ಯಚಿತ್ರಗಳನ್ನು ಬರೀ ಹೊತ್ತು ಕಳೆಯುವ ಸರಕೆಂದು ತಳ್ಳಿಹಾಕುವವರಿದ್ದಾರೆ. ಆದರೆ ಈ ಪರಂಪರೆಯ ಉತ್ತಮ ಕೃತಿಗಳು ಕೇಳುವ ಪ್ರಶ್ನೆ ಹಗುರವಾದದ್ದಲ್ಲ: ಬಿಡುವು ಸಿಕ್ಕ ಮನುಷ್ಯ ನಿಜಕ್ಕೂ ಬಿಡುಗಡೆ ಹೊಂದುತ್ತಾನೆಯೇ?

ಈ ಪ್ರಶ್ನೆಗೆ ಅತ್ಯಂತ ಸೊಗಸಾದ ರೂಪ ಕೊಟ್ಟವನು ಜಾಕ್ ತಾತಿ. ಸ್ಯಾಂ-ನಜೇರ್ ಬಳಿಯ ಸ್ಯಾಂ-ಮಾರ್ಕ್ ಎಂಬ ಊರಿನಲ್ಲಿ ಚಿತ್ರೀಕರಿಸಿದ ಅವನ 'ಮೊಸ್ಯು ಉಲೋನ ರಜಾದಿನಗಳು' (1953) ಚಿತ್ರದಲ್ಲಿ ಕತೆಯೂ ಕಡಿಮೆ, ಮಾತೂ ಕಡಿಮೆ. ಹೋಟೆಲಿಗೆ ಬಂದ ವ್ಯಾಪಾರಿಯನ್ನು ಟೆಲಿಫೋನ್ ಬಿಡುವುದಿಲ್ಲ. ನಿವೃತ್ತ ಮೇಜರ್ ವನಭೋಜನಕ್ಕೂ ದಂಡಯಾತ್ರೆಯ ಶಿಸ್ತು ತರುತ್ತಾನೆ. ಊಟದ ಕೋಣೆಯ ಬಾಗಿಲು ತೆರೆದಾಗಲೆಲ್ಲ ಹೊರಡುವ ವಿಚಿತ್ರ ಸದ್ದು ಯಾವ ಸಂಭಾಷಣೆಗಿಂತಲೂ ಹೆಚ್ಚು ನಗಿಸುತ್ತದೆ. ಎಲ್ಲರೂ ಊರಿನ ದಿನಚರಿಯನ್ನು ಸಮುದ್ರದವರೆಗೆ ಹೊತ್ತು ತಂದಿದ್ದಾರೆ. ರಜೆಯನ್ನು ರಜೆಯಾಗಿಯೇ ಅನುಭವಿಸುವವನು ಉಲೋ ಒಬ್ಬನೇ. ಆದ್ದರಿಂದಲೇ ಹೋದಲ್ಲೆಲ್ಲ ಅವನಿಂದ ಅವಾಂತರ. ಕೊನೆಗೆ ಹೆಚ್ಚಿನವರು ಅವನಿಗೆ ವಿದಾಯವನ್ನೂ ಹೇಳುವುದಿಲ್ಲ. ತಾತಿಯ ನಗೆಯ ಅಡಿಯಲ್ಲಿ ಈ ಒಂಟಿತನ ಸದಾ ಇದೆ.

ತಾತಿ ಮೌನದಲ್ಲಿ ಕಂಡದ್ದನ್ನು ಎರಿಕ್ ರೊಮೇರ್ ಮಾತಿನಲ್ಲಿ ಕಂಡ. ನಾರ್ಮಂಡಿ ತೀರದ 'ಕಡಲತೀರದಲ್ಲಿ ಪೋಲಿನ್' (1983) ಚಿತ್ರದಲ್ಲಿ ಹಿರಿಯರು ಪ್ರೇಮದ ಬಗ್ಗೆ ಪುಂಖಾನುಪುಂಖವಾಗಿ ಮಾತಾಡಿ ತಮ್ಮನ್ನೇ ವಂಚಿಸಿಕೊಳ್ಳುತ್ತಾರೆ. ಎಲ್ಲವನ್ನೂ ನಿಚ್ಚಳವಾಗಿ ನೋಡುವವಳು ಹದಿಹರೆಯದ ಪೋಲಿನ್. ಜಾಕ್ ರೋಜಿಯೆಯ 'ಒರುಏ ಕಡೆಗೆ' ಇನ್ನೂ ಧೈರ್ಯದ ಕೃತಿ. ವಾಂದೇ ತೀರದ ಮನೆಯೊಂದರಲ್ಲಿ ಮೂವರು ಯುವತಿಯರು ನಗುತ್ತಾ ಕಾಲ ಕಳೆಯುತ್ತಾರೆ. ಅವರಲ್ಲೊಬ್ಬಳ ಮೇಲಧಿಕಾರಿ ಆಸೆ ಹೊತ್ತು ಅಲ್ಲಿಗೆ ಬಂದು, ಅವರ ಗೇಲಿಗೆ ಗುರಿಯಾಗಿ ನೊಂದು ಹೊರಡುತ್ತಾನೆ. ಅವರೊಡನೆ ನಕ್ಕ ಪ್ರೇಕ್ಷಕನಿಗೂ ಆ ಗಾಯ ತಟ್ಟುತ್ತದೆ.

ಜನಪ್ರಿಯ ಧಾರೆ ಬೇರೆ ದಾರಿ ಹಿಡಿಯಿತು. ಪತ್ರಿಸ್ ಲೆಕೋಂತ್‌ನ 'ಲೆ ಬ್ರೋಂಜೇ' (1978) ರಜಾ ಕ್ಲಬ್ಬಿನ ಬಲವಂತದ ಉಲ್ಲಾಸವನ್ನು ಚುರುಕಾಗಿ ಲೇವಡಿ ಮಾಡುತ್ತದೆ. ಅದರ ಗೆಲುವನ್ನು ಅಲ್ಲಗಳೆಯಲಾಗದು. ಆದರೆ ಕತೆ ನಡೆಯುವುದು ಫ್ರಾನ್ಸಿನ ಹಳೆಯ ವಸಾಹತಾದ ಐವರಿ ಕೋಸ್ಟ್‌ನಲ್ಲಿ, ಅಲ್ಲಿನ ಜನ ಮಾತ್ರ ಹೆಚ್ಚುಕಡಿಮೆ ಹಿನ್ನೆಲೆಯ ಚಿತ್ರವಾಗಿಯೇ ಉಳಿಯುತ್ತಾರೆ. ಇದು ಇಡೀ ಪರಂಪರೆಯ ಕೊರತೆ ಎನ್ನಬೇಕು. ಇನ್ನೊಬ್ಬರ ರಜೆಗಾಗಿ ದುಡಿಯುವವರ ಕಡೆಯಿಂದ ಅದು ತೀರವನ್ನು ನೋಡಿದ್ದು ಅಪರೂಪ. ತಾತಿಯ ಗೊಣಗುವ ವೇಟರ್ ಕೂಡ ಬದಿಯ ಪಾತ್ರವೇ.

ಹಾಗಿದ್ದೂ ಈ ಪರಂಪರೆ ದೊಡ್ಡದು. ಖಳನಿಲ್ಲದೆ, ಘಟನೆಗಳ ಗದ್ದಲವಿಲ್ಲದೆ, ಖಾಲಿ ಮಧ್ಯಾಹ್ನವೊಂದರಿಂದ ಮನುಷ್ಯಸ್ವಭಾವವನ್ನು ಬಯಲು ಮಾಡಬಹುದೆಂದು ಅದು ಸಾಧಿಸಿ ತೋರಿಸಿತು. ಹೊಸದಾಗಿ ನೋಡುವವರು ತಾತಿಯಿಂದಲೇ ಆರಂಭಿಸಲಿ. ಕಣ್ಣಿನಷ್ಟೇ ಕಿವಿಯನ್ನೂ ತೆರೆದಿಟ್ಟು ನೋಡಲಿ.